ಉಸಿರುಗುಡ್ಡದ ಗವಿ

ನೀರ್ಗಲ್ಲಿನ ಹಾಳುಕೋಟೆ ದಾಟಿ ಬಡಗಲಿಗೆ ನಡೆದರೆ ಸಿಗುವ ಬೋಳುಗುಡ್ಡಕ್ಕೆ ಉಸಿರುಗುಡ್ಡ ಎಂದು ಹೆಸರು. ಅಲ್ಲೊಂದು ಗವಿಯಿದೆ, ಅದರ ಬಾಯಿಗೆ ಕಲ್ಲಿನ ಗೋಡೆ ಕಟ್ಟಿದೆ. ಎಂಥ ಉರಿಬಿಸಿಲಲ್ಲೂ ಕುರಿ ಕಾಯುವವರು ಅದರ ನೆರಳಿಗೆ ಹೋಗುವುದಿಲ್ಲ. ಗಟ್ಟಿ ಗುಂಡಿಗೆಯವರೆಂದು ಮೀಸೆ ತಿರುವಿದವರು ಓಡಿಬಂದದ್ದನ್ನೂ ನಾವು ಕಂಡಿದ್ದೇವೆ, ಬಿಡಿ.

ಹಿಂದೆ ಪಾಳೆಯಗಾರರ ಕಾಲದಲ್ಲಿ ನೀರ್ಗಲ್ಲನ್ನು ಗಾದ್ರಿನಾಯಕನೆಂಬ ದೊರೆ ಆಳುತ್ತಿದ್ದ. ತಲೆ ನರೆತಂತೆಲ್ಲ ಅವನಿಗೆ ಸಾವಿನ ಭಯ ಹೆಚ್ಚಿತು. ಆಗ ಎಲ್ಲಿಂದಲೋ ಒಬ್ಬ ರಸವಾದಿ ಬಂದ. ಊರು ಕೇಳಿದರೆ ನಗುತ್ತಿದ್ದ. ವಯಸ್ಸು ಕೇಳಿದರೆ ದೊರೆಯ ಮುತ್ತಜ್ಜನ ಮದುವೆಯೂಟದ ರುಚಿ ವರ್ಣಿಸುತ್ತಿದ್ದ. ಜನ ಅವನನ್ನು ರಸದಯ್ಯ ಎಂದರು. ಪಾದರಸದಿಂದ ಸಾವೇ ಬಾರದ ಮದ್ದು ಮಾಡುವೆನೆಂದಾಗ ದೊರೆ ಕೋಟೆಯೊಳಗೇ ಒಲೆ ಹೂಡಿಸಿಕೊಟ್ಟ. ಎಲ್ಲರೂ ಹಿಗ್ಗಿದರು, ತಿಪ್ಪವ್ವನೊಬ್ಬಳನ್ನು ಬಿಟ್ಟು. ದೊರೆ ಉಣ್ಣುವುದನ್ನೆಲ್ಲ ಮೊದಲು ಬಾಯಿಗಿಟ್ಟು ನೋಡುವುದು ಅವಳ ಕೆಲಸ. ಅವಳ ತಾಯಿ ಅದೇ ಕೆಲಸದಲ್ಲಿ ನೊರೆ ಕಾರಿ ಸತ್ತಿದ್ದಳು.

ಮದ್ದಿನ ಬಟ್ಟಲು ಕಂಡೊಡನೆ ತಿಪ್ಪವ್ವ ಹಿಂದಕ್ಕೆ ಸರಿದಳು. "ದೊರೆ, ಹೊಸಬರ ಕೈಯಡುಗೆಯಲ್ಲಿ ಮಾಡಿದವರದೇ ಮೊದಲ ತುತ್ತು. ಈ ಮನೆಯ ಪದ್ಧತಿಯಲ್ಲವೇ?" ಎಂದಳು. ರಸದಯ್ಯ ಅರ್ಧ ಬಟ್ಟಲು ಕುಡಿದ. ಕೂತಲ್ಲೇ ಒರಗಿದ, ಮೈ ತಣ್ಣಗಾಯಿತು. ದೊರೆ ತಿಪ್ಪವ್ವನ ಕಡೆ ನೋಡಿದ. ವಿಷದ ವಿಚಾರದಲ್ಲಿ ಅವಳ ಮಾತೇ ಕೊನೆ. ಆ ಮಾತು ಸುಳ್ಳಾದರೆ ಅವಳಿಗೆ ತಲೆದಂಡ. ಉಳಿದರ್ಧವನ್ನು ತನಗೆಲ್ಲಿ ಕುಡಿಸುತ್ತಾರೋ ಎಂಬ ಹೆದರಿಕೆಯಲ್ಲಿ ಅವಳು ನಾಡಿಯನ್ನೂ ಹಿಡಿಯದೆ, "ವಿಷವೇ ಒಡೆಯಾ, ಸತ್ತ" ಎಂದುಬಿಟ್ಟಳು. ಅವಳನ್ನು ಬೈಯುವವರು ಆ ಬಟ್ಟಲಿನ ಮುಂದೆ ಕೂತು ಬೈಯಲಿ. ಮದ್ದನ್ನು ಮಣ್ಣಿಗೆ ಚೆಲ್ಲಿ, ಹೆಣವನ್ನು ಗವಿಯಲ್ಲಿಟ್ಟು, ಬಾಯಿಗೆ ಗೋಡೆ ಕಟ್ಟಿಸಿದರು.

ಪರದೇಶಿಗೆ ಹಾಲುತುಪ್ಪ ಬಿಡುವವರು ಯಾರೂ ಇಲ್ಲವೆಂದು ಮೂರನೆಯ ದಿನ ತಿಪ್ಪವ್ವನೇ ಹೋದಳಂತೆ. ಬಗ್ಗಿದಾಗ ಕಲ್ಲಿನ ಸಂದಿಯಿಂದ ಬೆಚ್ಚನೆಯ ಉಸಿರು ಅವಳ ಕೆನ್ನೆಗೆ ತಾಗಿತು. ಒಳಗಿನಿಂದ ದನಿ ಬಂತು: "ತಾಯಿ, ಮದ್ದು ಫಲಿಸಿದೆ. ದೊರೆಗೆ ಹೇಳು." ಹೇಳಿದರೆ ತಾನು ಉಳಿಯುವುದಿಲ್ಲ. ಹೇಳದಿದ್ದರೆ ಅವನು ಸಾಯುವುದೂ ಇಲ್ಲ. ಗೋಡೆ ಕಟ್ಟಿ ಮಿಕ್ಕಿದ್ದ ಗಾರೆ ಅಲ್ಲೇ ಬಿದ್ದಿತ್ತು.

ಅವಳು ಕೊನೆಯುಸಿರಿನವರೆಗೂ ಬಾಯಿ ಬಿಡಲಿಲ್ಲ ಎನ್ನುತ್ತಾರೆ. ಇಂದಿಗೂ ಗುಡ್ಡ ಹತ್ತಿದವರಿಗೆ ಆ ಗೋಡೆಯ ಸಂದಿಸಂದಿಯಲ್ಲೂ ಅವಸರದಲ್ಲಿ ತುರುಕಿದ ಗಾರೆ, ಅದರ ಮೇಲೆ ಹೆಂಗಸಿನ ಬೆರಳಿನ ಗುರುತು ಕಾಣುತ್ತವೆ. ಒಂದು ಸಂದಿಯಲ್ಲಿ ಮಾತ್ರ ಏನೂ ನಿಲ್ಲುವುದಿಲ್ಲ. ಊರಿನವರು ವರ್ಷಕ್ಕೊಮ್ಮೆ ಹೋಗಿ ಅದನ್ನು ಮೆತ್ತಿಬರುತ್ತಾರೆ. ಮೆತ್ತಿದ್ದು ಮೂರನೆಯ ದಿನ ಹೊರಕ್ಕೆ ಉದುರಿರುತ್ತದೆ.