ಹಗುರ ಗುಡಾರ ಕೊಂಡ ಅಕ್ಕಸಾಲಿಗ

“ಗುರುಗಳೇ, ಬಿಡಬೇಕಾದದ್ದನ್ನೆಲ್ಲ ಬಿಟ್ಟೆ. ಆದರೂ ಹಗುರಾಗಲಿಲ್ಲ. ಇನ್ನೇನನ್ನು ಬಿಡಬೇಕು?”

ಹೀಗೆ ಕೇಳಿದವನು ಅಡಿವೆಪ್ಪ. ಮಠಕ್ಕೆ ಬಂದಾಗಿನಿಂದ ಅವನು ಒಂದೊಂದನ್ನೇ ಬಿಡುತ್ತ ಬಂದಿದ್ದ. ಮನೆ ಬಿಟ್ಟಿದ್ದ. ಮನೆಯವರೊಂದಿಗೆ ಮಾತು ಬಿಟ್ಟಿದ್ದ. ಆಮೇಲೆ ಖಾರ ಬಿಟ್ಟ, ಬೆಲ್ಲ ಬಿಟ್ಟ. ಈಚೆಗೆ ದಿಂಬನ್ನೂ ಬಿಟ್ಟು ಕುತ್ತಿಗೆ ಹಿಡಿದುಕೊಂಡು ಓಡಾಡುತ್ತಿದ್ದ.

ಗುರುಗಳು ಅಂಗಳದ ಬಿಸಿಲಿನಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಮೊರದ ಇನ್ನೊಂದು ಬದಿಗೆ ಅವನನ್ನು ಕೂರಿಸಿಕೊಂಡರು.

“ಕೈಗೆ ಕೆಲಸ ಕೊಡು. ಕಿವಿಗೆ ಒಂದು ಕತೆ ಕೊಡುತ್ತೇನೆ,” ಎಂದರು.

ಒಂದು ಊರಿನಲ್ಲಿ ಒಬ್ಬ ಅಕ್ಕಸಾಲಿಗನಿದ್ದ. ಅವನ ಮನೆಯಲ್ಲಿ ಹೆಂಡತಿ, ಮಗಳು ಮತ್ತು ಅವನ ಅಕ್ಕ ಕಾಳಮ್ಮ ಇದ್ದರು. ಕಾಳಮ್ಮ ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದವಳು. ದೊಡ್ಡ ಮೈಯವಳು, ದೊಡ್ಡ ದನಿಯವಳು. ಅಡುಗೆಮನೆಯಲ್ಲಿ ಅವಳು ನಕ್ಕರೆ ಬೀದಿಯಲ್ಲಿ ಹೋಗುವವರೂ ಕಾರಣ ಗೊತ್ತಿಲ್ಲದೆ ನಗುತ್ತಿದ್ದರು.

ಪ್ರತಿವರ್ಷ ಹಬ್ಬದ ಒಡವೆಗಳ ಕೆಲಸ ಮುಗಿದ ಮೇಲೆ ಅಕ್ಕಸಾಲಿಗ ಅಂಗಡಿಗೆ ಬೀಗ ಹಾಕುತ್ತಿದ್ದ. ನಾಲ್ವರೂ ಬೆನ್ನಿಗೆ ಚೀಲ ಏರಿಸಿ ಬೆಟ್ಟಗಳ ಕಡೆ ಹೊರಡುತ್ತಿದ್ದರು. ಹಗಲೆಲ್ಲ ನಡೆಯುವುದು, ಸಂಜೆಗೆ ಗುಡಾರ ಹಾಕುವುದು, ಬೆಳಗ್ಗೆ ಗುಡಾರ ಮಡಚಿ ಮತ್ತೆ ನಡೆಯುವುದು. ವರ್ಷವಿಡೀ ಕುಲುಮೆಯ ಮುಂದೆ ಬಗ್ಗಿ ಕೂರುವವನಿಗೆ ಆ ನಡಿಗೆಯೇ ಹಬ್ಬವಾಗಿತ್ತು.

ಅವರ ಗುಡಾರ ದಪ್ಪ ಕ್ಯಾನ್ವಾಸಿನದು. ಒದ್ದೆಯಾದರೆ ಅದರ ಭಾರ ಇಮ್ಮಡಿಯಾಗುತ್ತಿತ್ತು. ಅಕ್ಕಸಾಲಿಗ ಅದನ್ನು ತಾನೇ ಹೊರುತ್ತಿದ್ದ. ಬೇರೆಯವರು ಕೇಳಿದರೆ ಕೊಡುತ್ತಿರಲಿಲ್ಲ. ಹೊತ್ತು ದಾರಿಯುದ್ದಕ್ಕೂ ಗೊಣಗುವುದನ್ನೂ ಬಿಡುತ್ತಿರಲಿಲ್ಲ. ಒಂದು ವರ್ಷ ಮಳೆಗಾಲದಲ್ಲಿ ಅಟ್ಟದ ಮೇಲಿದ್ದ ಆ ಗುಡಾರವನ್ನು ಇಲಿಗಳು ತಿಂದು ಹಾಕಿದವು. ಅಕ್ಕಸಾಲಿಗನಿಗೆ ಒಳಗೊಳಗೇ ಸಂತೋಷವಾಯಿತು.

“ಇನ್ನು ಕೊಂಡರೆ ಹಗುರವಾದದ್ದನ್ನೇ ಕೊಳ್ಳುವುದು,” ಎಂದ.

ಅವನು ತೂಕದ ಮನುಷ್ಯ. ಗುಲಗಂಜಿಯಷ್ಟು ಹೆಚ್ಚುಕಡಿಮೆಯಾದರೂ ಅವನ ಬೆರಳಿಗೆ ತಿಳಿಯುತ್ತಿತ್ತು. ಹಗುರವೆಂಬುದು ತಲೆಗೆ ಹೊಕ್ಕ ಮೇಲೆ ಅವನು ಎಲ್ಲವನ್ನೂ ತೂಗತೊಡಗಿದ. ಹಲ್ಲುಜ್ಜುವ ಬ್ರಷ್ಷುಗಳ ಹಿಡಿಯನ್ನು ಅರ್ಧಕ್ಕೆ ಕತ್ತರಿಸಿದ. ಚೀಲಗಳಿಗೆ ಜೋತುಬಿದ್ದ ದಾರಗಳನ್ನು ಕತ್ತರಿಸಿದ. ಹೆಂಡತಿಯ ಬಾಚಣಿಗೆಗೆ ಕೈ ಹಾಕಿದಾಗ ಅವಳು ಅದನ್ನು ಕಸಿದುಕೊಂಡು ಸೀರೆಗಳ ನಡುವೆ ಬಚ್ಚಿಟ್ಟಳು.

ಆಮೇಲೆ ವಸ್ತುವನ್ನು ನೇತುಹಾಕಿ ತೂಕ ನೋಡುವ ಒಂದು ತೂಗುಕೊಕ್ಕೆಯನ್ನು ಜೇಬಿಗೆ ಹಾಕಿಕೊಂಡು ಪೇಟೆಯ ಗುಡಾರದ ಅಂಗಡಿಗೆ ಒಬ್ಬನೇ ಹೋದ.

ವ್ಯಾಪಾರಿ ಒಂದಾದ ಮೇಲೊಂದು ಗುಡಾರ ತೆಗೆದು ತೋರಿಸಿದ. ಒಂದಕ್ಕೆ ಎರಡು ಪದರದ ಬಟ್ಟೆ, ಎರಡು ಬಾಗಿಲು, ಹೊರಗೆ ಚಪ್ಪಲಿ ಬಿಡಲು ಪುಟ್ಟ ಜಗಲಿ. ಅಕ್ಕಸಾಲಿಗ ಅದನ್ನು ಕೊಕ್ಕೆಗೆ ತೂಗುಹಾಕಿ ನೋಡಿ ಕೆಳಗಿಟ್ಟ. ಇನ್ನೊಂದನ್ನು ತೂಗಿ ಕೆಳಗಿಟ್ಟ. ಕೊನೆಗೆ ವ್ಯಾಪಾರಿ ಕಪಾಟಿನ ಮೂಲೆಯಿಂದ ಒಂದು ಸಣ್ಣ ಗಂಟು ತೆಗೆದ. ಅದು ತೆಂಗಿನಕಾಯಿಗಿಂತ ದೊಡ್ಡದಾಗಿರಲಿಲ್ಲ. ಅಕ್ಕಸಾಲಿಗನ ಅಂಗೈಯಲ್ಲಿ ಅದನ್ನಿಟ್ಟಾಗ ಅವನ ಮುಖ ಅರಳಿತು.

“ಇದಕ್ಕೆ ಕಂಬಿಗಳಿಲ್ಲ,” ಎಂದ ವ್ಯಾಪಾರಿ. “ನೀವು ಊರಿಕೊಂಡು ನಡೆಯುವ ಕೋಲುಗಳನ್ನೇ ನಡುವೆ ನಿಲ್ಲಿಸಬೇಕು. ಬಟ್ಟೆ ಒಂದೇ ಪದರ. ಮಲಗಿದವರ ಉಸಿರು ಬಟ್ಟೆಗೆ ತಾಗಿ ಬೆಳಗಿನ ಹೊತ್ತಿಗೆ ಹನಿಯಾಗಿ ಬೀಳುತ್ತದೆ. ಅದು ಗೊತ್ತಿರಲಿ. ಮನೆಯಲ್ಲಿ ನೀವು ಎಷ್ಟು ಜನ?”

“ನಾಲ್ವರು.”

“ಇದರಲ್ಲಿ ಮೂವರು ಮಲಗಬಹುದು.”

“ಒತ್ತಿಕೊಂಡು ಮಲಗಿದರೆ?”

“ಒತ್ತಿಕೊಂಡು ಮಲಗಿದರೇ ಮೂವರು.”

ಅಕ್ಕಸಾಲಿಗ ಸ್ವಲ್ಪ ಹೊತ್ತು ಯೋಚಿಸಿದ. ಗಂಟನ್ನು ಮತ್ತೆ ಕೊಕ್ಕೆಗೆ ಹಾಕಿ ತೂಕ ನೋಡಿದ. ಆಮೇಲೆ ಯೋಚಿಸಲಿಲ್ಲ. ಅದನ್ನೇ ಕೊಂಡು ಮನೆಗೆ ತಂದ.

ನಡುಮನೆಯಲ್ಲಿ ಗುಡಾರ ಬಿಡಿಸಿ ಅದರ ತಳವನ್ನು ನೆಲಕ್ಕೆ ಹಾಸಿದರು. ಅಕ್ಕಸಾಲಿಗ ಮಲಗಿದ, ಹೆಂಡತಿ ಮಲಗಿದಳು, ನಡುವೆ ಮಗಳು ಮಲಗಿದಳು. ಅಲ್ಲಿಗೆ ಗುಡಾರ ತುಂಬಿತು. ಕಾಳಮ್ಮ ಕೈಯಲ್ಲಿ ಸೌಟು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

“ಬಹಳ ಚೆನ್ನಾಗಿದೆ ಕಣೋ,” ಎಂದಳು. “ನನಗಂತೂ ಈ ವರ್ಷ ಮಂಡಿನೋವು. ಬೆಟ್ಟ ಹತ್ತಲಾರೆ ಅಂತ ನಾನೇ ಹೇಳಬೇಕೆಂದಿದ್ದೆ. ನೀವು ಹೋಗಿಬನ್ನಿ.”

“ಹಾಗಾದರೆ ಸರಿ ಅಕ್ಕ,” ಎಂದ ಅಕ್ಕಸಾಲಿಗ. ನೋವು ಯಾವಾಗ ಶುರುವಾಯಿತು ಎಂದು ಕೇಳಲಿಲ್ಲ. ಹೆಂಡತಿ ಅವನ ಮುಖ ನೋಡಿದಳು. ಅವನು ಆಗಲೇ ಗುಡಾರ ಮಡಚುತ್ತಿದ್ದ.

ಮೂವರೂ ಹೊರಟರು. ಅಕ್ಕಸಾಲಿಗ ಮುಂದೆ ಮುಂದೆ ನಡೆದ. ಬೆನ್ನಿನ ಮೇಲೆ ಚೀಲ ಇದೆಯೋ ಇಲ್ಲವೋ ಎಂದು ಆಗಾಗ ಕೈ ಹಿಂದೆ ಮಾಡಿ ಮುಟ್ಟಿ ನೋಡಿಕೊಳ್ಳುತ್ತಿದ್ದ. “ನೋಡಿದಿರಾ, ಹಗುರವೆಂದರೆ ಇದು,” ಎಂದು ತಿರುವು ತಿರುವಿಗೂ ಹೇಳಿದ.

ಬೇರೆ ವರ್ಷಗಳಲ್ಲಿ ಕಾಳಮ್ಮ ಎಲ್ಲರಿಗಿಂತ ಹಿಂದೆ ಬರುತ್ತಿದ್ದಳು. ನೆರಳು ಸಿಕ್ಕಲ್ಲೆಲ್ಲ ಕೂರುತ್ತಿದ್ದಳು. ಅವಳು ಕೂತರೆ ಉಳಿದವರೂ ಕೂರಬೇಕಾಗುತ್ತಿತ್ತು. ಕೂತಲ್ಲಿ ಚಕ್ಕುಲಿಯ ಡಬ್ಬಿ ತೆರೆಯುತ್ತಿತ್ತು. ಯಾರದೋ ಮದುವೆಯಲ್ಲಿ ಯಾರೋ ಜಾರಿ ಬಿದ್ದ ಸುದ್ದಿ ಬರುತ್ತಿತ್ತು. ಮರದ ಮೇಲಿನ ಮಂಗಟ್ಟೆ ಹಕ್ಕಿಯೋ ಬಂಡೆಯ ಮೇಲಿನ ಹಲ್ಲಿಯೋ ಕಣ್ಣಿಗೆ ಬೀಳುತ್ತಿತ್ತು. ಈ ಸಲ ಕೂರೋಣ ಎನ್ನುವವರು ಯಾರೂ ಇರಲಿಲ್ಲ. ಹಾಗಾಗಿ ಯಾರೂ ಕೂರಲಿಲ್ಲ. ಯಾರಿಗೂ ಏನೂ ಕಾಣಲಿಲ್ಲ.

ಹೊತ್ತು ನೆತ್ತಿಗೆ ಬರುವಾಗ ಮಗಳು ದಾರಿಯ ನಡುವೆಯೇ ಕೂತುಬಿಟ್ಟಳು.

“ಏಕಮ್ಮ, ಚೀಲ ಭಾರವಾಯಿತೆ?” ಎಂದು ಅಕ್ಕಸಾಲಿಗ ಕೇಳಿದ.

“ಚೀಲ ಭಾರವಿಲ್ಲಪ್ಪ. ದಾರಿ ಉದ್ದ,” ಎಂದಳು ಮಗಳು. “ನನಗೆ ಸುಸ್ತಾಗಿಲ್ಲ. ಅತ್ತೆಯ ಪಾಲಿನದ್ದು ಯಾರಾದರೂ ಕೂರಬೇಕಲ್ಲ, ಅದಕ್ಕೇ ಕೂತೆ.”

ಹೆಂಡತಿ ಮಗಳ ಪಕ್ಕದಲ್ಲಿ ಕೂತಳು. ಅಕ್ಕಸಾಲಿಗನೂ ಕೂತ. ಎದುರಿನ ಮರವನ್ನು ನೋಡಿದ. ಏನಾದರೂ ಹೇಳಬೇಕು ಅನಿಸಿತು. ಅವನಿಗೆ ಯಾರ ಮದುವೆಯ ಸುದ್ದಿಯೂ ಗೊತ್ತಿರಲಿಲ್ಲ.

ಸಂಜೆ ಕೋಲುಗಳನ್ನು ನಿಲ್ಲಿಸಿ ಗುಡಾರ ಹಾಕಿದರು. ಬೆಳಗ್ಗೆ ಏಳುವಾಗ ಗುಡಾರದ ಬಟ್ಟೆಯ ಒಳಮೈಯೆಲ್ಲ ಬೆವರಿತ್ತು. ವ್ಯಾಪಾರಿ ಹೇಳಿದಂತೆಯೇ ಹನಿಗಳು ಮೂವರ ಮುಖದ ಮೇಲೂ ಬೀಳುತ್ತಿದ್ದವು. ಹೊದಿಕೆಗಳು ಒದ್ದೆಯಾಗಿದ್ದವು. ಕಾಳಮ್ಮ ಇದ್ದಿದ್ದರೆ ಇದಕ್ಕೆ ಏನನ್ನುತ್ತಿದ್ದಳು ಎಂದು ಮೂವರೂ ಯೋಚಿಸಿದರು.

ಅಕ್ಕಸಾಲಿಗ ಚೀಲ ಕಟ್ಟಿದ. ಬೆಟ್ಟದ ತುದಿಯ ಕಡೆಗೆ ಹೋಗುವ ದಾರಿಯನ್ನು ಒಮ್ಮೆ ನೋಡಿದ. ಆಮೇಲೆ ಬಂದ ದಾರಿಯಲ್ಲೇ ಇಳಿಯತೊಡಗಿದ. ಇಳಿಯುವಾಗ ಮಗಳು ಅವನಿಗಿಂತ ಮುಂದೆ ಓಡಿದಳು.

ಮನೆ ಮುಟ್ಟಿದಾಗ ಕಾಳಮ್ಮ ಏಣಿಯ ಮೇಲೆ ನಿಂತು ಅಟ್ಟದ ಜೇಡರ ಬಲೆ ತೆಗೆಯುತ್ತಿದ್ದಳು. ಇವರನ್ನು ಕಂಡು ಗಾಬರಿಯಿಂದ ಸರಸರನೆ ಇಳಿದು ಬಂದಳು.

“ಇಷ್ಟು ಬೇಗ ಬಂದಿರಲ್ಲ! ಯಾರಿಗಾದರೂ ಏನಾದರೂ ಆಯಿತೆ?”

“ಏನೂ ಆಗಿಲ್ಲ ಅಕ್ಕ. ನಿನ್ನ ಮಂಡಿ ಹೇಗಿದೆ?”

“ಯಾವ ಮಂಡಿ?” ಎಂದಳು ಕಾಳಮ್ಮ.

ಕಾಳಮ್ಮನಿಗೆ ನೆನಪಾಯಿತು. ತಟ್ಟನೆ ಬಲಗಾಲಿನ ಮಂಡಿ ಹಿಡಿದುಕೊಂಡಳು. ಯಾಕೋ ಅನುಮಾನ ಬಂದು ಅದನ್ನು ಬಿಟ್ಟು ಎಡಗಾಲಿನದನ್ನು ಹಿಡಿದುಕೊಂಡಳು. ಮಗಳು ಮೊದಲು ನಕ್ಕಳು. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. ಕಾಳಮ್ಮನೇ ತಡೆಯಲಾರದೆ ಗಟ್ಟಿಯಾಗಿ ನಕ್ಕುಬಿಟ್ಟಳು.

ಅಕ್ಕಸಾಲಿಗ ಮಾತ್ರ ನಗಲಿಲ್ಲ. ಹಿತ್ತಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದ. ಬಂದು, “ಅಕ್ಕ, ಚಪ್ಪಲಿ ಮೆಟ್ಟಿಕೋ. ಅಂಗಡಿಗೆ ಹೋಗೋಣ,” ಎಂದ.

“ಯಾವ ಅಂಗಡಿಗೋ?”

“ನೀನು ಹೊರಳಿ ಮಲಗುವಷ್ಟು ಗುಡಾರ ಬೇಕು. ನೀನು ಬರದೆ ಹೇಗೆ ಕೊಳ್ಳಲಿ?”

ಈ ಸಲ ನಾಲ್ವರೂ ಹೋದರು. ವ್ಯಾಪಾರಿ ಎರಡು ಪದರದ ಆ ದೊಡ್ಡ ಗುಡಾರವನ್ನು ಅಂಗಡಿಯ ನಡುವೆಯೇ ನಿಲ್ಲಿಸಿದ. ಅಕ್ಕಸಾಲಿಗನ ಕೈ ಅಭ್ಯಾಸದಿಂದ ಜೇಬಿಗೆ ಹೋಯಿತು. ಹೆಂಡತಿ ಅವನ ಕೈಯಿಂದ ತೂಗುಕೊಕ್ಕೆಯನ್ನು ತೆಗೆದುಕೊಂಡಳು.

“ಮೊದಲು ಮಲಗಿ ನೋಡೋಣ. ಆಮೇಲೆ ತೂಗಿ,” ಎಂದಳು.

ನಾಲ್ವರೂ ಒಳಗೆ ಹೋಗಿ ಸಾಲಾಗಿ ಮಲಗಿದರು. ಕಾಳಮ್ಮ ಆ ಮಗ್ಗುಲಿಗೆ ಹೊರಳಿದಳು, ಈ ಮಗ್ಗುಲಿಗೆ ಹೊರಳಿದಳು. ಗುಡಾರ ಅಲ್ಲಾಡಿತು, ಬೀಳಲಿಲ್ಲ. ಒಬ್ಬರು ಎದ್ದು ಹೊರಗೆ ಹೋಗಬೇಕಾದರೆ ಇನ್ನೊಬ್ಬರನ್ನು ತುಳಿಯದೆ ಹೋಗಬಹುದೇ ಎಂದು ಮಗಳು ಎರಡೂ ಬಾಗಿಲಿನಲ್ಲಿ ನುಸುಳಿ ಪರೀಕ್ಷಿಸಿದಳು. ಹೋಗಬಹುದಿತ್ತು. ಬೀದಿಯಲ್ಲಿ ಹೋಗುತ್ತಿದ್ದವರು ಅಂಗಡಿಯ ಮುಂದೆ ನಿಂತರು. ಗುಡಾರದೊಳಗಿಂದ ಕಾಳಮ್ಮನ ನಗು ಕೇಳಿ ಅವರೂ ನಕ್ಕರು.

“ಇದೇ ಇರಲಿ,” ಎಂದಳು ಅವಳು ಮಲಗಿದಲ್ಲಿಂದಲೇ.

ಗುಡಾರ ಮನೆಗೆ ಬಂತು. ಅಕ್ಕಸಾಲಿಗ ಅದನ್ನು ಪೂರ್ತಿ ತನ್ನ ಚೀಲಕ್ಕೆ ತುರುಕಲು ಹೊರಟಾಗ ಕಾಳಮ್ಮ ಅವನ ಕೈಗೆ ಹೊಡೆದಳು. “ನೀನೊಬ್ಬನೇ ಮಲಗುತ್ತೀಯೇನೋ ಇದರಲ್ಲಿ?” ಎಂದು ಗಂಟು ಬಿಚ್ಚಿದಳು. ಹೊರಗಿನ ಬಟ್ಟೆಯನ್ನು ತನ್ನ ಚೀಲಕ್ಕೆ ಹಾಕಿಕೊಂಡಳು. ಕಂಬಿಗಳನ್ನು ಹೆಂಡತಿ ಎತ್ತಿಕೊಂಡಳು. ಗೂಟಗಳೂ ಹಗ್ಗಗಳೂ ಮಗಳ ಪಾಲಿಗೆ ಬಂದವು. ಒಳಗಿನ ಬಟ್ಟೆ ಅಕ್ಕಸಾಲಿಗನಿಗೆ ಉಳಿಯಿತು. ಅವನು ಅದನ್ನು ತೂಗಿದ. ನಂಬದೆ ಇನ್ನೊಮ್ಮೆ ತೂಗಿದ. ಅಂಗೈಯಲ್ಲಿ ಹಿಡಿದು ತಂದಿದ್ದ ಆ ಪುಟ್ಟ ಗುಡಾರಕ್ಕಿಂತ ಅದು ಹಗುರಾಗಿತ್ತು.

ಮರುದಿನ ನಾಲ್ವರೂ ಹೊರಟರು. ಕಾಳಮ್ಮ ನೆರಳು ಕಂಡಲ್ಲೆಲ್ಲ ಕೂತಳು. ಅಕ್ಕಸಾಲಿಗ ಗೊಣಗಲಿಲ್ಲ. ಒಂದೆರಡು ಕಡೆ ಅವಳಿಗಿಂತ ಮೊದಲು ಅವನೇ ಕೂತ. ಬೆಟ್ಟದ ಮೇಲೆ ಮಳೆ ಬಂತು. ಎಲ್ಲರೂ ಗುಡಾರದೊಳಗೆ ಕೂತು ಚಕ್ಕುಲಿ ತಿಂದರು. ಹನಿ ಒಳಗೆ ಬೀಳಲಿಲ್ಲ. ಆದರೆ ಕಾಳಮ್ಮನ ಗೊರಕೆಯಿಂದ ಯಾರಿಗೂ ಸರಿಯಾಗಿ ನಿದ್ದೆ ಬರಲಿಲ್ಲ. ಬೆಳಗ್ಗೆ ಎದ್ದು ಮಗಳು ಆ ಗೊರಕೆಯನ್ನು ಹಾಗೆಯೇ ಮಾಡಿ ತೋರಿಸಿದಳು. ಅದು ತನ್ನದಲ್ಲ, ತಮ್ಮನದೆಂದು ಕಾಳಮ್ಮ ವಾದಿಸಿದಳು.

ಅಂದುಕೊಂಡದ್ದಕ್ಕಿಂತ ತಡವಾಗಿ ಅವರು ಊರಿಗೆ ಮರಳಿದರು. ಮೂಗುತಿ ಮಾಡಿಸಲು ಬಂದಿದ್ದ ಹೆಂಗಸೊಬ್ಬಳು ಅಂಗಡಿಯ ಮುಂದೆ ಸಿಟ್ಟಿನಿಂದ ಕಾಯುತ್ತಿದ್ದಳು. ಅಕ್ಕಸಾಲಿಗ ಬೈಸಿಕೊಂಡ. ಬೈಸಿಕೊಳ್ಳುವಾಗಲೂ ಅವನ ಮುಖದಲ್ಲಿ ನಗುವಿತ್ತು.

ಗುರುಗಳು ಕತೆ ಮುಗಿಸಿದರು. ಅಡಿವೆಪ್ಪ ಕಾಳಮ್ಮನ ಮಂಡಿಯನ್ನು ನೆನೆದು ಇನ್ನೂ ನಗುತ್ತಿದ್ದ. ನಗು ತಡೆದು ಕೈಮುಗಿದ.

“ಅಕ್ಕಸಾಲಿಗ ಎಲ್ಲಿ ತಪ್ಪಿದನೆಂದು ತಿಳಿಯಿತು ಗುರುಗಳೇ. ಆದರೆ ನನ್ನ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ನಾನು ಇನ್ನೇನನ್ನು ಬಿಡಲಿ?”

“ಬಿಟ್ಟದ್ದು ಸಾಕು, ಅಡಿವೆಪ್ಪ; ಹೋಗಿ, ಬಿಟ್ಟುಬಂದವರಲ್ಲಿ ಒಬ್ಬರನ್ನಾದರೂ ಮಾತಾಡಿಸಿಕೊಂಡು ಬಾ.”