ಮೂರು ಚಪ್ಪಾಳೆಯ ಪದ

"ಬುದ್ಧಿ, ತಪ್ಪನ್ನು ತಿದ್ದುವುದೂ ತಪ್ಪೇ?" ಎಂದು ಶಿಷ್ಯ ಕೇಳಿದ. ಮಠದ ಭಜನೆಯಲ್ಲಿ ನೀಲಜ್ಜಿಯ ಉಚ್ಚಾರವನ್ನು ಅವನು ಎಲ್ಲರೆದುರು ತಿದ್ದಿದ್ದ. ಅಂದಿನಿಂದ ಆಕೆ ಭಜನೆಗೆ ಬಂದಿರಲಿಲ್ಲ.

ಗುರುಗಳು ಒಂದು ಕತೆ ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಇಂಗ್ಲಿಷ್ ಮೇಷ್ಟರಿದ್ದರು. ಪದವನ್ನು ತುಂಡು ಮಾಡಿ, ತುಂಡಿಗೊಂದು ಚಪ್ಪಾಳೆ ಹಾಕಿಸಿ ಕಲಿಸುವುದು ಅವರ ಕ್ರಮ. ಒಂದು ದಿನ 'ಸಾಫ್ಟ್-ಸ್ಪೋಕನ್' ಎಂಬ ಜೋಡುಪದ ಬಂತು. ಮೆಲುಮಾತಿನವರು ಎಂದು ಅರ್ಥ ಹೇಳಿ, ಸಾಫ್ಟ್, ಸ್ಪೋ, ಕನ್ ಎಂದು ಮೂರು ಚಪ್ಪಾಳೆ ಹಾಕಿ, ನಡುವಿನದನ್ನು ಒತ್ತಿ ಹೇಳಿರೆಂದರು.

ಕುಂಬಾರರ ಹುಡುಗಿಯೊಬ್ಬಳು ಶಾಲೆಗೆ ಇಸ್ಕೂಲು ಎನ್ನುವ ಮನೆಯವಳು. ಅವಳು 'ಸಾಫ್ಟ್ ಇಸ್ಪೋಕನ್' ಎಂದಳು. ಎಲ್ಲರ ಚಪ್ಪಾಳೆ ನಿಂತ ಮೇಲೆ ಅವಳದೊಂದು ಉಳಿಯಿತು. "ಇವಳು ಕೊಸರು ಹಾಕ್ತಾಳೆ ಕಣ್ರೋ" ಎಂದ ಒಬ್ಬ. ಎಲ್ಲರೂ ನಕ್ಕರು. ಮೇಷ್ಟರೂ ನಕ್ಕರು.

ಬೆಳಗಿನ ಪ್ರಾರ್ಥನೆ ಹೇಳಿಕೊಡುತ್ತಿದ್ದವಳು ಆ ಹುಡುಗಿಯೇ. ಮೇಷ್ಟರಿಗೆ ಅವಳೆಂದರೆ ಅಕ್ಕರೆ. ಆ ಅಕ್ಕರೆಯಿಂದಲೇ ಪಟ್ಟು ಹಿಡಿದರು. ಸರಿಯಾಗಿ ಹೇಳುವ ತನಕ ಕೂರಬೇಡ ಎಂದು ದಿನವೂ ನಿಲ್ಲಿಸಿ, ಗದರಿಸಿ ಹೇಳಿಸಿದರು. ಕೊನೆಗೊಂದು ದಿನ ಹೇಳಿದಳು, ಎಳ್ಳಷ್ಟೂ ತಪ್ಪಿಲ್ಲದೆ. ಮೇಷ್ಟರು ಹಿಗ್ಗಿ, ಮನೆಗೆ ಹೋಗಿ ಹೆಂಡತಿಗೂ ಹೇಳಿದರು. ಮರುದಿನ ಪ್ರಾರ್ಥನೆಗೆ ಅವಳ ದನಿ ಏಳಲಿಲ್ಲ. ಮತ್ತೆಂದೂ ಏಳಲಿಲ್ಲ. ನಾಚಿಕೆ, ತಾನಾಗಿ ಹೋಗುತ್ತದೆ ಎಂದುಕೊಂಡರು ಮೇಷ್ಟರು.

ವರ್ಷಗಳು ಕಳೆದವು. ಮೇಷ್ಟರು ನಿವೃತ್ತರಾದರು. ಒಮ್ಮೆ ಸಂತೆಯಲ್ಲಿ ಮಡಕೆ ನೋಡಲು ಬಾಗಿದಾಗ, ಮಾರುತ್ತಿದ್ದ ಹೆಂಗಸು ತಟ್ಟನೆ ಎದ್ದು ನಿಂತಳು. ಅವಳೇ. ಚೆನ್ನಾಗಿದ್ದೀಯೇನಮ್ಮ ಎಂದು ವಿಚಾರಿಸಿದರು. ಅವಳ ತುಟಿ ಸದ್ದಿಲ್ಲದೆ ಅಲುಗಿತು. ಬೆರಳು ಮಡಕೆಯ ಮೇಲೆ ಮೆಲ್ಲಗೆ ತಟ್ಟಿತು, ಪದದ ತುಂಡಿಗೊಂದು ಸಲ. ಆಡಬೇಕಾಗಿದ್ದದ್ದು ಕನ್ನಡ, ಅವಳ ಅವ್ವ ಆಡುತ್ತಿದ್ದ ಮಾತು. ಆಮೇಲೆ "ಚೆನ್ನಾಗಿವ್ನಿ ಸಾ" ಎಂದಳು. ಕೇಳಿಸಿಕೊಳ್ಳಲು ಮೇಷ್ಟರು ಇನ್ನೂ ಬಾಗಬೇಕಾಯಿತು.

"ಕೂತ್ಕೊ ತಾಯಿ" ಎಂದರು. ತಪ್ಪಾಯಿತು ಎಂದೂ ಹೇಳಬೇಕೆಂದುಕೊಂಡರು. ಅವರ ನಾಲಿಗೆ ಹೊರಳಲಿಲ್ಲ. ಮಡಕೆ ಹಿಡಿದು ಹೊರಟರು. ಅವರು ಸಂತೆ ದಾಟುವ ತನಕ ಅವಳು ನಿಂತೇ ಇದ್ದಳು.

ಕತೆ ಮುಗಿಯಿತು. ತಿದ್ದಿದ್ದು ತಪ್ಪೋ ಸರಿಯೋ ಎಂಬುದನ್ನು ಗುರುಗಳು ಹೇಳಲಿಲ್ಲ. ಶಿಷ್ಯ ಕಾದ.

"ನೀಲಜ್ಜಿಯ ಮನೆ ಇಲ್ಲಿಂದ ಎಷ್ಟು ದೂರವಯ್ಯ?" ಎಂದರು.