ಮುದುಕಿ ಕತ್ತೆತ್ತಿದ ಬೆಟ್ಟ

ಕಾರ ಹುಣ್ಣಿಮೆಯ ಮಾರನೆಯ ದಿನ, ಶಾಲೆಯ ಪಾಟಿಚೀಲವನ್ನು ಬಾಗಿಲ ಹಿಂದೆ ಎಸೆದು, ಭರಮಣ್ಣ ಮೊದಲ ಸಲ ಮನೆ ಬಿಟ್ಟಿದ್ದ. ಆಮೇಲೆ ಬಿಟ್ಟ ಊರುಗಳಿಗೆ ಲೆಕ್ಕವಿಲ್ಲ. ಈಗ ತಲೆ ನರೆತಿತ್ತು. ಇನ್ನು ಸಾಕು, ಇಲ್ಲೇ ನಿಂತೇನು ಎಂದು ಗುರುಗಳ ಮಠಕ್ಕೆ ಬಂದವನಿಗೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮತ್ತೆ ಕಾಲು ತುರಿಸತೊಡಗಿತ್ತು.

ಗಂಟು ಕಟ್ಟುತ್ತ ಗುರುಗಳನ್ನು ಕೇಳಿದ: "ಅಪ್ಪಾರ, ಯಾವ ಊರಿಗೆ ಹೋದರೂ ನಾಕು ದಿನಕ್ಕ ಅದು ಸಣ್ಣದಾಗಿಬಿಡತೈತಿ. ಇಲ್ಲಿ ಕೂತರ ಅಲ್ಲೀದು ನೆನಪಾಗತೈತಿ, ಅಲ್ಲಿ ಹೋದರ ಇಲ್ಲೀದು. ದಣಿದೀನ್ರಿ. ನಿಲ್ಲುವಂಥ ದೊಡ್ಡ ಊರು ಎಲ್ಲೆರ ಐತೇನ್ರಿ?"

"ಊರೂರು ಸುತ್ತಿ ಸವೆದದ್ದು ನಿನ್ನ ಚಪ್ಪಲಿ, ಕೇಳುವುದು ನನ್ನನ್ನೇ?" ಎಂದರು ಗುರುಗಳು. "ಕೂಡು. ಒಂದು ಕತೆ ಕೇಳಿ ಹೋಗು."

ಒಬ್ಬ ವ್ಯಾಪಾರಿ. ಅವನ ತಾಯಿ ಹಾಸಿಗೆ ಹಿಡಿದಿದ್ದಳು. ಹುಡುಗಿಯಾಗಿದ್ದಾಗ ಆಡು ಕಾಯ್ದ ಬೆಟ್ಟವನ್ನು ಕಣ್ಣು ಮುಚ್ಚುವ ಮೊದಲು ಒಮ್ಮೆ ನೋಡಬೇಕು, ಅದೊಂದೇ ಅವಳ ಆಸೆ. ಹೊತ್ತೊಯ್ಯುವ ಹಾಗಿರಲಿಲ್ಲ. ವ್ಯಾಪಾರಿ ಒಬ್ಬ ಚಿತ್ರಗಾರನನ್ನು ಕಳಿಸಿದ. ಚಿತ್ರಗಾರನ ಬಳಿ ಜೋಡಿ ಕಣ್ಣಿನ ಡಿಜಿಟಲ್ ಕ್ಯಾಮೆರಾ ಇತ್ತು. ಅದು ಎಡಗಣ್ಣಿಗೊಂದು, ಬಲಗಣ್ಣಿಗೊಂದು ಚಿತ್ರ ತೆಗೆಯುತ್ತದೆ. ಎರಡನ್ನೂ ಒಂದು ಪೆಟ್ಟಿಗೆಯಲ್ಲಿಟ್ಟು ಇಣುಕಿದರೆ ಹತ್ತಿರದ್ದು ಹತ್ತಿರ, ದೂರದ್ದು ದೂರ, ಎದುರಿಗೇ ಇದ್ದಂತೆ ಕಾಣುತ್ತದೆ.

ಇಡೀ ಬೆಟ್ಟ ಸಿಗಲೆಂದು ಚಿತ್ರಗಾರ ದೂರದ ದಿನ್ನೆಯ ಮೇಲೆ ನಿಂತ. ಬೆಳಕು, ಬಣ್ಣ, ಶಟರಿನ ವೇಗ, ಎಲ್ಲ ಸೆಟ್ಟಿಂಗುಗಳನ್ನೂ ಎರಡೂ ಕಣ್ಣಿಗೆ ಸಮ ಮಾಡಿದ. ಚಿತ್ರ ತೆಗೆದು ನೋಡಿದರೆ ಬೆಟ್ಟ ಪರದೆಯ ಹಾಗೆ ಚಪ್ಪಟೆ. ಕ್ಯಾಮೆರಾದ ಕಣ್ಣುಗಳ ನಡುವಿನ ಅಂತರ ಹೆಚ್ಚಿಸಿದ. ತುಸು ಉಬ್ಬಿತು. ಇನ್ನೂ ಹೆಚ್ಚಿಸಿದ. ಕಡೆಗೆ ಕಣ್ಣುಗಳನ್ನು ಕಳಚಿ, ಒಂದನ್ನು ದಿನ್ನೆಯ ಆ ತುದಿಗೆ, ಇನ್ನೊಂದನ್ನು ಈ ತುದಿಗೆ ಇಟ್ಟ. ಈಗ ಒಂದೊಂದು ಬಂಡೆಯೂ ಬಿಡಿಬಿಡಿಯಾಗಿ ಎದ್ದು ನಿಂತಿತು.

ಮುದುಕಿ ಪೆಟ್ಟಿಗೆಯನ್ನು ಕಣ್ಣಿಗೆ ಹಿಡಿದಳು. "ಚಂದ ಐತಪ್ಪ. ಯಾರ ಮನಿ ಗೊಂಬಿ ಇದು?"

"ನಿಮ್ಮ ಬೆಟ್ಟ, ಅಜ್ಜಿ," ಎಂದ ಚಿತ್ರಗಾರ.

"ನಮ್ಮ ಬೆಟ್ಟ ಅಂಗೈಯಾಗ ಕೂಡತೈತೇನೋ ಹುಚ್ಚಪ್ಪ? ಅದನ್ನ ನೋಡಿದರ ಕುತ್ತಿಗಿ ನೋಯೋದು." ಪೆಟ್ಟಿಗೆ ಕೊಟ್ಟು ಗೋಡೆಯ ಕಡೆ ಮಗ್ಗುಲಾದಳು.

ಚಿತ್ರಗಾರನಿಗೆ ಆಗ ತಿಳಿಯಿತು. ಅಷ್ಟು ಅಗಲಿ ನಿಂತ ಕಣ್ಣು ರಾಕ್ಷಸನ ದೊಡ್ಡ ಮುಖದ್ದು. ರಾಕ್ಷಸನಿಗೆ ಬೆಟ್ಟವೂ ಆಟಿಕೆ. ಸೋತ ಕಾಲೆಳೆದುಕೊಂಡು ಮತ್ತೆ ಹೋದ. ಈ ಸಲ ಬೆಟ್ಟದ ಬುಡದಲ್ಲಿ, ಆಡುಗಳು ಮೈ ಉಜ್ಜುವ ಮರದ ಪಕ್ಕ ನಿಂತ. ಕ್ಯಾಮೆರಾದ ಕಣ್ಣುಗಳನ್ನು ಮನುಷ್ಯನ ಮುಖದ ಅಳತೆಗೆ ತಂದ. ಮರ ದುಂಡಗೆ ಬಂತು. ಹಿಂದಿನ ಬೆಟ್ಟ ಗೋಡೆಯಂತೆ ಚಪ್ಪಟೆಯಾಗಿಯೇ ಉಳಿಯಿತು. ಮನುಷ್ಯನ ಕಣ್ಣಿಗೆ ಕಾಣುವುದೇ ಹಾಗೆ ಎಂದು ತಿದ್ದಲು ಹೋಗಲಿಲ್ಲ.

ಮುದುಕಿ ಮತ್ತೆ ಪೆಟ್ಟಿಗೆ ಹಿಡಿದಳು. ಮರ ಮುಟ್ಟಲು ಕೈ ಚಾಚಿದಳು. ಆಮೇಲೆ, ಬೆಟ್ಟದ ತುದಿ ನೋಡಲೆಂದು, ಎಷ್ಟೋ ದಿನದಿಂದ ಎತ್ತದಿದ್ದ ತಲೆಯನ್ನು ದಿಂಬಿನಿಂದ ಎತ್ತಿದಳು.

ಗುರುಗಳು ಕತೆ ಮುಗಿಸಿದರು. ಭರಮಣ್ಣ ಧೋತರ ಮಡಚಿ ಗಂಟಿಗೆ ಸೇರಿಸಿದ. "ಅಂದರ ನಾ ಹೋಗಬಾರದು ಅಂತೀರೇನ್ರಿ?"

"ಹೋಗು ಭರಮಾ, ಈ ಸಲ ಒಂದು ಕಣ್ಣನ್ನು ಹಿಂದಿನ ಊರಲ್ಲೇ ಬಿಟ್ಟು ಹೋಗಬೇಡ. ಅಗಲಿ ನಿಂತ ಕಣ್ಣಿಗೆ ಯಾವ ಊರೂ ಸಣ್ಣದೇ."

ಭರಮಣ್ಣ ಕಟ್ಟಿದ ಗಂಟನ್ನು ಬಿಚ್ಚಿ, ಮೊದಲಿನಿಂದ ಕಟ್ಟತೊಡಗಿದ.